ನಾನಾ ಹಿನ್ನೆಲೆಯವರ ಜೊತೆ ಕೂತು ಬೈಬಲ್ ಓದುವಾಗ: ಎಲ್ಲಿಂದ ಶುರು ಮಾಡಬೇಕು, ಎಷ್ಟು ಹೇಳಬೇಕು?

ಹಳೇಪೇಟೆ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನಿರೋದು ಮೈಸೂರಿನಲ್ಲಿ. ಹುಟ್ಟಿದಾಗಿನಿಂದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಅನ್ನೋ ಪ್ರೊಟೆಸ್ಟೆಂಟ್ ಸಭೆ. ಕೆಲವು ತಿಂಗಳಿಂದ ಶುಕ್ರವಾರ ಸಂಜೆ ನಮ್ಮ ಮನೆಯಲ್ಲಿ ಒಂದಷ್ಟು ಜನ ಸೇರಿ ಬೈಬಲ್ ಓದುತ್ತಿದ್ದೇವೆ. ನಾನು ಕರೆದು ಶುರುವಾದದ್ದಲ್ಲ. ಕ್ರಿಸ್‌ಮಸ್‌ಗೆ ಪಕ್ಕದ ಮನೆಗೆ ಕೇಕು, ಕಲ್‌ಕಲ್ ಕೊಡಲು ಹೋಗಿದ್ದೆ. ಅಲ್ಲಿರುವವರು ನಿವೃತ್ತ ಕನ್ನಡ ಮೇಷ್ಟ್ರು, ಲಿಂಗಾಯತರು. "ನಿಮ್ಮ ಪುಸ್ತಕದಲ್ಲಿ ಏನಿದೆ ಅಂತ ಇಷ್ಟು ವಯಸ್ಸಾದರೂ ನೆಟ್ಟಗೆ ಓದಿಲ್ಲವಮ್ಮ. ಯಾರಾದರೂ ಜೊತೆಗೆ ಕೂತರೆ ಓದಬಹುದಿತ್ತು" ಅಂದರು.

ಈಗ ಮೇಷ್ಟ್ರು ಮತ್ತು ಅವರ ಮನೆಯವರು ಬರುತ್ತಾರೆ. ಎದುರು ಮನೆಯ ಕೊಂಕಣಿ ಕ್ಯಾಥೊಲಿಕ್ ದಂಪತಿ ಬರುತ್ತಾರೆ. ನನ್ನ ಆಫೀಸಿನ ಮುಸ್ಲಿಂ ಗೆಳತಿ ಇದ್ದಾಳೆ. ಮಹಡಿ ಮೇಲೆ ಬಾಡಿಗೆಗಿರುವ ಹುಡುಗನೂ ಇಳಿದು ಬರುತ್ತಾನೆ. ಅವನು ದೇವರನ್ನು ನಂಬುವವನಲ್ಲ. ಬರೋದು ಟೀಗೆ ಮತ್ತು ಜಗಳಕ್ಕೆ ಅಂತ ಅವನೇ ಹೇಳುತ್ತಾನೆ.

ಆದಿಕಾಂಡದಿಂದ ಶುರು ಮಾಡಿದೆವು. ನೋಹನ ತನಕ ಚೆನ್ನಾಗಿ ಹೋಯಿತು. ಆಮೇಲೆ ವಂಶಾವಳಿ ಬಂತು ನೋಡಿ, ಎಲ್ಲರ ಕಣ್ಣೂ ಗಡಿಯಾರದ ಮೇಲೆ. ಯಾವ ಭಾಗ ಓದಿದರೆ ಒಳ್ಳೆಯದು? ಕೊನೆಗೆ ಪ್ರಾರ್ಥನೆ ಮಾಡಬೇಕಾ, ಬೇಡವಾ? ಮೇಷ್ಟ್ರ ಮನೆಯವರು ಪೂಜೆ ಆದ ದಿನ ಪ್ರಸಾದ ತರುತ್ತಾರೆ, ಅದಕ್ಕೆ ನಮ್ಮ ಸಭೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಇನ್ನೊಂದು ಇದೆ, ಮುಖ್ಯವಾದದ್ದು. ನಾನು ಯೇಸುವನ್ನು ನಂಬುವವಳು. ಇವರಿಗೂ ಆತ ಗೊತ್ತಾಗಲಿ ಅನ್ನೋ ಆಸೆ ನನಗಿದೆ. ಅದನ್ನು ಬಾಯಿಬಿಟ್ಟು ಹೇಳಬೇಕಾ? ಹೇಳಿದರೆ ಬರೋದು ನಿಲ್ಲಿಸುತ್ತಾರಾ?

ಧಾರವಾಡ_ಪೇಢೆ

ಮಾರ್ಕನ ಸುವಾರ್ತೆ. ಕಣ್ಣು ಮುಚ್ಚಿಕೊಂಡು ಮಾರ್ಕ ತಗೊಳ್ಳಿ. 16 ಅಧ್ಯಾಯ, ಗಟ್ಟಿಯಾಗಿ ಓದಿದರೂ ಸುಮಾರು ಒಂದೂವರೆ ಗಂಟೆಯ ಪುಸ್ತಕ. ಯೇಸುವಿನ ಹುಟ್ಟು, ವಂಶಾವಳಿ ಏನೂ ಇಲ್ಲ, ನೇರ ಕಥೆಗೇ ಇಳಿಯುತ್ತದೆ.

ಕಾಲೇಜಿನಲ್ಲಿ ನಾವು ಇ.ಯು. ಗುಂಪಿನಲ್ಲಿ ಓದುತ್ತಿದ್ದೆವು. 1954ರಲ್ಲಿ ಶುರುವಾದ ಯು.ಇ.ಎಸ್.ಐ. ಅನ್ನೋ ವಿದ್ಯಾರ್ಥಿ ಸಂಘಟನೆಯ ಶಾಖೆ ಅದು. ಹಾಸ್ಟೆಲ್ ರೂಮಿನಲ್ಲಿ ಎಲ್ಲ ಜಾತಿ ಧರ್ಮದ ಹುಡುಗರೂ ಇರುತ್ತಿದ್ದರು. ಅಲ್ಲಿ ಕಲಿತ ಒಂದು ರೀತಿ ಹೇಳುತ್ತೇನೆ. ಸ್ವೀಡಿಷ್ ವಿಧಾನ ಅಂತಾರೆ. ಓದಬೇಕಾದ ಭಾಗವನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಜೆರಾಕ್ಸ್ ಮಾಡಿಸಿ. ವಚನದ ಸಂಖ್ಯೆ ಇಲ್ಲದಿದ್ದರೆ ಇನ್ನೂ ಒಳ್ಳೆಯದು, ಕಥೆ ಕಥೆಯಂತೆ ಕಾಣುತ್ತದೆ. ಎಲ್ಲರ ಕೈಗೂ ಪೆನ್ಸಿಲ್ ಕೊಡಿ. ಹೊಸದಾಗಿ ಹೊಳೆದದ್ದರ ಪಕ್ಕ ಒಂದು ದೀಪ, ಅರ್ಥವಾಗದ್ದಕ್ಕೆ ಪ್ರಶ್ನೆ ಚಿಹ್ನೆ, ಬದುಕಿಗೆ ತಾಗಿದ್ದಕ್ಕೆ ಬಾಣ. ಆಮೇಲೆ ಒಬ್ಬೊಬ್ಬರೇ ಹೇಳುತ್ತಾ ಹೋಗೋದು.

ಒಂದು ಕಟ್ಟುಪಾಡು ಮಾತ್ರ ಬಿಡಬೇಡಿ. ಉತ್ತರ ಎದುರಿಗಿರುವ ಹಾಳೆಯಿಂದಲೇ ಬರಬೇಕು. "ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲ ಹೀಗೆ ಹೇಳ್ತಾನೆ" ಅಂತ ನೀವು ಶುರು ಮಾಡಿದ ಕ್ಷಣ ಮೇಷ್ಟ್ರು ಶಿಷ್ಯರಾಗಿಬಿಡುತ್ತಾರೆ, ನೀವು ಮೇಷ್ಟ್ರಾಗಿಬಿಡುತ್ತೀರಿ. ಹಾಳೆ ಒಂದೇ ಆದರೆ ಎಲ್ಲರೂ ಒಂದೇ ಮಟ್ಟದಲ್ಲಿ ಕೂತಿರುತ್ತಾರೆ. ಕ್ಯಾಥೊಲಿಕರ ಬೈಬಲ್‌ನಲ್ಲಿ 73 ಪುಸ್ತಕ, ನಮ್ಮದರಲ್ಲಿ 66 ಅನ್ನೋ ತಕರಾರು ಕೂಡ ಏಳೋದಿಲ್ಲ.

ಸುಮ್ನೆ_ಓದುಗ

ನಾನು ಹಿಂದೂ. ಮನೆಯಲ್ಲಿ ನಿತ್ಯ ಪೂಜೆ ಇದೆ. ನೀವು ಕೇಳಿದ ಕೊನೆಯ ಪ್ರಶ್ನೆಗೆ ಆ ಕಡೆಯಿಂದ ಉತ್ತರ ಹೇಳುತ್ತೇನೆ.

ಹೇಳಿಬಿಡಿ ಅಕ್ಕ. ಮೊದಲೇ ಹೇಳಿಬಿಡಿ.

ಹಿಂದೆ ಒಬ್ಬ ಪರಿಚಯದವರು "ಮಕ್ಕಳ ಹಾಡಿನ ಕಾರ್ಯಕ್ರಮ ಇದೆ, ಮನೆಯವರನ್ನೆಲ್ಲ ಕರ್ಕೊಂಡು ಬನ್ನಿ" ಅಂದಿದ್ದರು. ಹೋದೆವು. ಹಾಡು ಎರಡೇ. ಆಮೇಲೆ ಮುಕ್ಕಾಲು ಗಂಟೆ ಭಾಷಣ. ಕೊನೆಗೆ ಎಲ್ಲರೂ ಕಣ್ಣು ಮುಚ್ಚಿ, ತೀರ್ಮಾನ ಮಾಡಿದವರು ಕೈ ಎತ್ತಿ ಅಂದರು. ನನ್ನ ತಾಯಿಗೆ ಏನಾಗುತ್ತಿದೆ ಅಂತಲೇ ಗೊತ್ತಾಗಲಿಲ್ಲ. ಪಕ್ಕದವರು ಎತ್ತಿದರು ಅಂತ ಅವರೂ ಕೈ ಎತ್ತಿದರು. ಆಮೇಲೆ ಫೋನ್ ಮೇಲೆ ಫೋನ್. ಅಲ್ಲಿ ಹೇಳಿದ ಮಾತುಗಳಲ್ಲಿ ನನಗೇನೂ ಬೇಸರ ಇಲ್ಲ, ಕೆಲವು ಚೆನ್ನಾಗೂ ಇದ್ದವು. ಆದರೆ ಕರೆದದ್ದು ಒಂದಕ್ಕೆ, ಕೂರಿಸಿದ್ದು ಇನ್ನೊಂದಕ್ಕೆ. ಆ ಮನುಷ್ಯರ ಜೊತೆ ಈಗಲೂ ಮಾತಾಡುತ್ತೇನೆ, ಆದರೆ ಅವರು ಏನೇ ಕರೆದರೂ ಎರಡು ಸಲ ಯೋಚಿಸುತ್ತೇನೆ.

ನಿಮ್ಮ ಮೇಷ್ಟ್ರು ದಡ್ಡರಲ್ಲ. ನೀವು ನಂಬುವವರು ಅಂತ ಅವರಿಗೆ ಗೊತ್ತು. ನಂಬಿಕೆ ಇರುವವರು ಅದನ್ನು ಹಂಚಿಕೊಳ್ಳೋಕೆ ಆಸೆಪಡ್ತಾರೆ ಅಂತಾನೂ ಗೊತ್ತು. ಮುಚ್ಚಿಟ್ಟರೆ ಮಾತ್ರ ಅನುಮಾನ ಹುಟ್ಟೋದು.

ಹಳೇಪೇಟೆ_ಹುಡುಗಿ

ಓದಿ ಮನಸ್ಸಿಗೆ ಒಂಥರಾ ಆಯಿತು. ಧನ್ಯವಾದ. ಈ ಶುಕ್ರವಾರ ಹೇಳುತ್ತೇನೆ.

ಶಿವಾಜಿನಗರ_ಆಂಟಿ

ನಾನು ಕ್ಯಾಥೊಲಿಕ್. ನಮ್ಮಲ್ಲಿ ಬೇರೆ ಹಿನ್ನೆಲೆಯವರು ಬರೋದು ಹೊಸದಲ್ಲ. ಸೆಪ್ಟೆಂಬರ್ 8ಕ್ಕೆ ಬೆಂಗಳೂರು ಶಿವಾಜಿನಗರದ ನಮ್ಮ ಮೇರಿ ಮಾತೆಯ ಬೆಸಿಲಿಕಾಗೆ ಬಂದು ನೋಡಿ. ಕ್ಯೂನಲ್ಲಿ ಕುಂಕುಮ ಇಟ್ಟವರೇ ಜಾಸ್ತಿ ಕಾಣಬಹುದು. ಹರಕೆ ಹೊತ್ತು ಬರುತ್ತಾರೆ, ಸೀರೆ ಕೊಡುತ್ತಾರೆ, ಮೇಣದಬತ್ತಿ ಹಚ್ಚುತ್ತಾರೆ. ವಿವೇಕನಗರದ ಬಾಲಯೇಸುವಿನ ದೇವಾಲಯದಲ್ಲಿ ಗುರುವಾರ ಬಂತೆಂದರೆ ಹಾಗೇ. ಯಾರೂ ಯಾರನ್ನೂ ಏನೂ ಕೇಳೋದಿಲ್ಲ. ಅದು ಚೆಂದವೇ. ಆದರೆ ಅಲ್ಲಿ ಪುಸ್ತಕ ಬಿಚ್ಚೋದಿಲ್ಲ ಅನ್ನೋದೂ ನಿಜ. ನೀವು ಮಾಡುತ್ತಿರೋದು ಬೇರೆ ಕೆಲಸ.

ನಿಜ ಹೇಳಬೇಕೆಂದರೆ ನಮ್ಮ ಅಜ್ಜಿ ಕಾಲದಲ್ಲಿ ನಾವೂ ಪುಸ್ತಕ ಬಿಚ್ಚುತ್ತಿರಲಿಲ್ಲ, ಜಪಮಾಲೆಯೇ ಎಲ್ಲ. 1962ರಿಂದ 65ರ ತನಕ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರವೇ ಮನೆಮನೆಯಲ್ಲಿ ಬೈಬಲ್ ಓದಿ ಅಂತ ಒತ್ತಿ ಹೇಳಲು ಶುರುವಾದದ್ದು.

ಪ್ರಾರ್ಥನೆಯ ಬಗ್ಗೆ ಕೇಳಿದಿರಿ. ನಮ್ಮ ಸನ್ಯಾಸಿ ಮಠಗಳಲ್ಲಿ ಒಂದು ಹಳೇ ಪದ್ಧತಿ ಇದೆ. ಒಂದೇ ಭಾಗವನ್ನು ನಿಧಾನವಾಗಿ ಮತ್ತೆ ಮತ್ತೆ ಓದೋದು, ನಡುನಡುವೆ ಮೌನ. ಕೊನೆಗೆ ಐದು ನಿಮಿಷ ಸುಮ್ನೆ ಕೂತುಬಿಡಿ. ಪ್ರಾರ್ಥಿಸುವವರು ಒಳಗೇ ಪ್ರಾರ್ಥಿಸಲಿ. ಮೇಲಿನ ಮನೆ ಹುಡುಗ ಆ ಐದು ನಿಮಿಷ ಫೋನ್ ನೋಡದಿದ್ದರೆ ಸಾಕು.

ಕತ್ತಿ_ಮಾತು

ಕ್ಷಮಿಸಿ, ಇದೆಲ್ಲ ಜಾರಿಕೊಳ್ಳೋ ಮಾತು. ದೀಪ, ಬಾಣ, ಮೌನ! ಯೋಹಾನ 14:6ರಲ್ಲಿ ಕರ್ತನು ನಾನೇ ಮಾರ್ಗ ಅಂದಿದ್ದಾನೆ. ಅದನ್ನು ಹೇಳದೆ ಟೀ ಕುಡಿದು ಕಳಿಸುವುದು ಪ್ರೀತಿಯಾ? ಮೇಷ್ಟ್ರಿಗೆ ವಯಸ್ಸಾಗಿದೆ. ಸ್ಪಷ್ಟವಾಗಿ ಸುವಾರ್ತೆ ಹೇಳಿ, ತೀರ್ಮಾನ ಕೇಳಿ. ಪೇತ್ರ ಪಂಚಾಶತ್ತಮ ದಿನದಲ್ಲಿ ಯೆರೂಸಲೇಮಿನ ಜನರಿಗೆ ಬಹಿರಂಗವಾಗಿ ಸಾರಿದಾಗ ಹಾಳೆ ಜೆರಾಕ್ಸ್ ಮಾಡಿಸಿ ಹಂಚಿದನಾ?

ಧಾರವಾಡ_ಪೇಢೆ

ಪೇತ್ರ ಅವತ್ತು ಮಾತಾಡಿದ್ದು ತನ್ನದೇ ಶಾಸ್ತ್ರ ಓದಿ ಬೆಳೆದ ಯೆಹೂದ್ಯರ ಹತ್ತಿರ ಅಣ್ಣ. ಯೋವೇಲ, ದಾವೀದ ಅಂದರೆ ಅವರಿಗೆ ಗೊತ್ತಿತ್ತು. ಅದೇ ಅಪೊಸ್ತಲರ ಕೃತ್ಯಗಳು 17ರಲ್ಲಿ ಪೌಲ ಅಥೇನೆಗೆ ಹೋದಾಗ ಏನು ಮಾಡಿದ ನೋಡಿ. ಮೊದಲು ಊರೆಲ್ಲ ಸುತ್ತಿ ನೋಡಿದ. ಅವರ ಬಲಿಪೀಠದ ಬರಹ ಓದಿದ. ಅವರದೇ ಕವಿಗಳ ಸಾಲು ಹೇಳಿದ. ಒಂದು ಪ್ರವಾದನೆಯನ್ನೂ ಎತ್ತಲಿಲ್ಲ. ಕೊನೆಗೆ ಕೆಲವರು ನಕ್ಕರು, ಕೆಲವರು ಇನ್ನೊಂದು ದಿನ ಕೇಳ್ತೀವಿ ಅಂದರು, ಕೆಲವರು ನಂಬಿದರು. ಪೌಲ ಎದ್ದು ಹೋದ.

8ನೇ ಅಧ್ಯಾಯದ ಐಥಿಯೋಪ್ಯದವನ ಕಥೆಯೂ ಹಾಗೇ. ಅವನು ರಥದಲ್ಲಿ ಓದಿಕೊಂಡು ಹೋಗುತ್ತಿದ್ದಾನೆ. ಫಿಲಿಪ್ಪ ಓಡಿ ಹೋಗಿ ಕೇಳಿದ್ದು ಒಂದೇ ಪ್ರಶ್ನೆ: ಓದುತ್ತಿರೋದು ಅರ್ಥ ಆಗ್ತಿದೆಯಾ? ಮೇಲೆ ಬಂದು ಕೂತ್ಕೋ ಅಂತ ಅವನು ಕರೆದ ಮೇಲೆಯೇ ಫಿಲಿಪ್ಪ ಹತ್ತಿದ್ದು. ಮೇಷ್ಟ್ರು ಕೂಡ ಹಾಗೇ ಕರೆದಿದ್ದಾರಲ್ಲ. ಇನ್ನು ಮಾರ್ಕ 10ರ ಶ್ರೀಮಂತ ಬೇಜಾರಾಗಿ ಹೊರಟು ಹೋದಾಗ ಯೇಸು ಅವನ ಹಿಂದೆ ಓಡಲಿಲ್ಲ.

ನಿವೃತ್ತ_ಸಭಾಪಾಲಕ

ಕತ್ತಿಯವರ ಕಳಕಳಿ ಸುಳ್ಳಲ್ಲ. ಹೇಳಲೇಬಾರದು ಅಂತ ಯಾರೂ ಅನ್ನುತ್ತಿಲ್ಲ. ಪೇತ್ರನ ಮೊದಲ ಪತ್ರ 3:15ರಲ್ಲಿ ಎರಡೂ ಒಟ್ಟಿಗೇ ಇವೆ: ಕೇಳಿದವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಆದರೆ ಸಾತ್ವಿಕತೆಯಿಂದ, ಗೌರವದಿಂದ. ಜನ ಮೊದಲಿನ ಅರ್ಧ ಬಾಯಿಪಾಠ ಮಾಡುತ್ತಾರೆ.

ಸ್ಟ್ಯಾನ್ಲಿ ಜೋನ್ಸ್ ಅಂತ ಒಬ್ಬ ಅಮೆರಿಕದ ಮೆಥಡಿಸ್ಟ್ ಮಿಷನರಿ ಇದ್ದರು. ಉತ್ತರ ಪ್ರದೇಶದ ಸೀತಾಪುರದ ಕಡೆ ಕೆಲಸ ಮಾಡಿದವರು. 1930ರಲ್ಲಿ ನೈನಿತಾಲ್ ಹತ್ತಿರ ಸಾತ್‌ತಾಲ್‌ನಲ್ಲಿ ಆಶ್ರಮ ಕಟ್ಟಿದರು. ಅವರು ಊರೂರಿನಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ, ಏನೂ ನಂಬದವರು ಎಲ್ಲರನ್ನೂ ಕೂರಿಸಿ ದುಂಡುಮೇಜಿನ ಸಭೆ ನಡೆಸುತ್ತಿದ್ದರು. ವಾದ ಮಾಡುವ ಹಾಗಿಲ್ಲ. ನಿಮ್ಮ ನಂಬಿಕೆ ನಿಮ್ಮ ಬದುಕಿನಲ್ಲಿ ಏನು ಮಾಡಿದೆ, ಅದನ್ನಷ್ಟೇ ಹೇಳಬೇಕು. ಜೋನ್ಸ್ ಕೂಡ ತಮ್ಮ ಸರದಿಯಲ್ಲಿ ಯೇಸುವಿನ ಬಗ್ಗೆ ಹೇಳುತ್ತಿದ್ದರು. ತಮ್ಮ ಸರದಿಯಲ್ಲಿ!

ಪ್ರಸಾದದ ವಿಷಯ. ಇದು ಪೌಲನ ಕಾಲದಲ್ಲೇ ದೊಡ್ಡ ಜಗಳ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯ ಓದಿ. ಬೇರೆಯವರ ಮನೆಗೆ ಊಟಕ್ಕೆ ಹೋದರೆ ಎಲ್ಲಿಂದ ಬಂತು ಅಂತ ಕೇಳದೆ ತಿನ್ನಿ ಅನ್ನುತ್ತಾನೆ. ಅದೇ ಉಸಿರಿನಲ್ಲಿ, ಇದು ನೈವೇದ್ಯ ಅಂತ ಯಾರಾದರೂ ಹೇಳಿದರೆ ಆ ಹೇಳಿದವನ ಮನಸ್ಸಿನ ಸಲುವಾಗಿ ತಿನ್ನಬೇಡಿ ಅನ್ನುತ್ತಾನೆ. ನಮ್ಮಲ್ಲಿ ತಿನ್ನುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ನಾನು ತಿನ್ನುವುದಿಲ್ಲ. ಆದರೆ ಎರಡೂ ಕೈಯಲ್ಲಿ ತೆಗೆದುಕೊಂಡು, ಯಾಕೆ ತಿನ್ನುವುದಿಲ್ಲ ಅಂತ ಎದುರಿಗೇ ಹೇಳುತ್ತೇನೆ. ಹಿಂದಿನ ಬಾಗಿಲಿನಿಂದ ಕೆಲಸದವರಿಗೆ ದಾಟಿಸುವುದು ನನಗೆ ಸರಿಕಾಣದು. ಎಷ್ಟೋ ಕ್ರೈಸ್ತ ಮನೆಗಳಲ್ಲಿ ಹಾಗೇ ನಡೆಯುತ್ತದೆ, ಗೊತ್ತಿದೆ ನನಗೆ.

ಬಿಜಾಪುರ_ಬಿಳಿಜೋಳ

ನಿಮ್ಮ ಮುಸ್ಲಿಂ ಗೆಳತಿಯ ಪರವಾಗಿ ನಾನು ಒಂದೆರಡು ಮಾತು ಹೇಳಲಾ? ನಾನೂ ಮುಸ್ಲಿಂ. ಕಾನ್ವೆಂಟಿನಲ್ಲಿ ಓದಿದವಳು.

ಮೊದಲನೇದು, ಪುಸ್ತಕ ನೆಲದ ಮೇಲೆ ಇಡಬೇಡಿ. ಕ್ರೈಸ್ತರು ಬೈಬಲನ್ನು ಚಾಪೆ ಮೇಲೆ ಇಟ್ಟು, ಅದರ ಮೇಲೆ ಚಶ್ಮಾ ಇಟ್ಟು, ಒಳಗೆ ಪೆನ್ನಿನಲ್ಲಿ ಗೆರೆ ಎಳೆದಿರೋದು ನೋಡಿದರೆ ನಮಗೆ ಜೀವ ಝಲ್ ಅನ್ನುತ್ತದೆ. ನಮ್ಮ ಮನೆಯಲ್ಲಿ ಕುರ್‌ಆನ್ ಬಟ್ಟೆಯಲ್ಲಿ ಸುತ್ತಿ ಎತ್ತರದ ಗೂಡಿನಲ್ಲಿರುತ್ತದೆ. ವುಜೂ, ಅಂದರೆ ಕೈಕಾಲು ಮುಖ ತೊಳೆದು ಶುದ್ಧಿ, ಮಾಡದೆ ಮುಟ್ಟೋದಿಲ್ಲ. ಮೇಷ್ಟ್ರಿಗೂ ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಅಭ್ಯಾಸ ಇರುತ್ತದೆ. ಧಾರವಾಡದವರ ಜೆರಾಕ್ಸ್ ಹಾಳೆ ಈ ಕಾರಣಕ್ಕೂ ಒಳ್ಳೆಯದೇ. ಗೆರೆ ಎಳೆಯೋದು ಹಾಳೆಯ ಮೇಲೆ.

ಎರಡನೇದು, ಶುಕ್ರವಾರ ಸಂಜೆ ಅಂದರೆ ಸೂರ್ಯ ಮುಳುಗಿದ ಮೇಲಿನ ಮಗ್ರಿಬ್ ನಮಾಜಿನ ಹೊತ್ತು ಬರುತ್ತದೆ. ಅವಳು ಸಂಕೋಚಕ್ಕೆ ಹೇಳಿರಲಿಕ್ಕಿಲ್ಲ. ಅರ್ಧ ಗಂಟೆ ಹಿಂದೆ ಮುಂದೆ ಮಾಡಿ, ಇಲ್ಲಾ ಒಂದು ಕೋಣೆ ಬಿಟ್ಟುಕೊಡಿ.

ಈಸಾ ಅಲೈಹಿಸ್ಸಲಾಂ, ಅಂದರೆ ನಿಮ್ಮ ಯೇಸು, ನಮಗೂ ಪ್ರವಾದಿ. ಅವರ ತಾಯಿ ಮರ್ಯಮರ ಹೆಸರಿನಲ್ಲೇ ಕುರ್‌ಆನಿನ 19ನೇ ಸೂರಾ (ಅಧ್ಯಾಯ) ಇದೆ. ಆದ್ದರಿಂದ ಆ ತಾಯಿಯ ಕಥೆ ಇರುವ ಲೂಕನ ಮೊದಲ ಅಧ್ಯಾಯ ಓದಿದರೆ ಅವಳಿಗೆ ಎಷ್ಟೋ ಗುರುತು ಸಿಗುತ್ತದೆ. ಆದರೆ ದೇವರ ಮಗ ಅನ್ನೋ ಮಾತು, ಶಿಲುಬೆಯ ಮರಣ, ಇವೆರಡರಲ್ಲಿ ನಮಗೂ ನಿಮಗೂ ಹೊಂದಿಕೆ ಇಲ್ಲ. ಹೊಂದಿಕೆ ಇದೆ ಅಂತ ತೇಪೆ ಹಾಕಬೇಡಿ. ಅಬ್ರಹಾಮ ಮಗನನ್ನು ಬಲಿ ಕೊಡಲು ಹೋದ ಕಥೆ ಬಂದಾಗ ನಾವು ಸಾಮಾನ್ಯವಾಗಿ ಇಸ್ಮಾಯಿಲ್ ಅನ್ನುತ್ತೇವೆ, ನೀವು ಇಸಾಕ. ಬಕ್ರೀದ್ ನಮ್ಮ ದೊಡ್ಡ ಹಬ್ಬ, ಅದು ಯಾಕೆ ಅಂತ ಅವಳನ್ನೇ ಕೇಳಿ. ಚೆನ್ನಾಗಿ ಹೇಳ್ತಾಳೆ.

ಹಳೇಪೇಟೆ_ಹುಡುಗಿ

ಕೇಳಿದೆ. ಮಗ್ರಿಬ್ ವಿಷಯ ನಿಜ. ಈಗ ಏಳೂವರೆಗೆ ಶುರು ಮಾಡುತ್ತೇವೆ.

ಶುಕ್ರವಾರದ ಸುದ್ದಿ. ಮೊದಲು ನನ್ನ ಮಾತು ಹೇಳಿದೆ: "ನಾನು ಯೇಸುವನ್ನು ನಂಬಿದ್ದೇನೆ, ನಿಮಗೂ ಆತ ಇಷ್ಟ ಆಗಲಿ ಅಂತ ಆಸೆ ಇದೆ. ಆದರೆ ಆಗಬೇಕು ಅನ್ನೋ ಒತ್ತಾಯ ಇಲ್ಲ. ಇದನ್ನು ತಿಳಿದೇ ಬನ್ನಿ." ಮೇಷ್ಟ್ರು ನಕ್ಕುಬಿಟ್ಟರು. "ಗೊತ್ತಿದ್ದೇ ಬಂದಿರೋದು ಕಣಮ್ಮ. ನನಗೂ ನಿನಗೆ ನಮ್ಮ ಶರಣರ ವಚನ ಓದಿಸೋ ಆಸೆ ಇದೆ. ಅದಕ್ಕೂ ಒಂದು ಶುಕ್ರವಾರ ಇಡು."

ಮಾರ್ಕಕ್ಕೆ ಮುಂಚೆ ಒಂದು ಕಥೆ ಆಗಲಿ ಅಂತ ಲೂಕ 15, ತಪ್ಪಿಹೋದ ಮಗನದ್ದು ಓದಿದೆವು. ಚಿಕ್ಕಂದಿನಿಂದ ಸಂಡೇ ಸ್ಕೂಲಿನಲ್ಲಿ ಕೇಳಿ ಕೇಳಿ ನನಗೆ ಸವೆದು ಹೋಗಿದ್ದ ಕಥೆ. ಹೇಗಾಯಿತು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಿರಿಯವನು ಪಾಲು ಕೇಳಿದ ಅನ್ನೋ ಸಾಲಿಗೇ ಮೇಷ್ಟ್ರ ಮನೆಯವರು, "ಅಪ್ಪ ಬದುಕಿರುವಾಗಲೇ ಹಿಸ್ಸೆ ಕೇಳಿದನಾ!" ಅಂದರು. ಅವರ ತವರಿನಲ್ಲಿ ಅದೇ ಆಗಿ ಅಣ್ಣತಮ್ಮಂದಿರ ಮಾತು ನಿಂತಿದೆಯಂತೆ. ಹಂದಿ ಮೇಯಿಸಲು ಹೋದ ಅನ್ನುವಲ್ಲಿ ನನ್ನ ಗೆಳತಿ ಹಾಳೆ ಕೆಳಗಿಟ್ಟಳು. "ಅಂದರೆ ಇದಕ್ಕಿಂತ ಕೆಳಗೆ ಇಳಿಯೋಕೆ ಜಾಗವೇ ಇಲ್ಲ ಅಂತ ಅರ್ಥ" ಅಂದಳು. ಹೌದಲ್ಲ! ಕಥೆ ಕೇಳುತ್ತಿದ್ದ ಯೆಹೂದ್ಯರಿಗೂ ಹಂದಿ ನಿಷಿದ್ಧ. ನಾನು ಆ ಸಾಲನ್ನು ಬಡತನ ಅಂತಷ್ಟೇ ಓದಿಕೊಂಡು ಬಂದಿದ್ದೆ.

ಕಿರಿಮಗ ತಿರುಗಿ ಬಂದ ಖುಷಿಗೆ ಅಪ್ಪನ ಮನೆಯಲ್ಲಿ ಕೊಬ್ಬಿಸಿದ ಕರು ಕಡಿದರು ಅನ್ನುವಾಗ ಕೋಣೆಯಲ್ಲಿ ಸ್ವಲ್ಪ ಬಿಗಿ. ಮೇಷ್ಟ್ರ ಮನೆಯವರು ಮುಖ ಆ ಕಡೆ ಮಾಡಿದರು. ಕ್ಯಾಥೊಲಿಕ್ ಅಂಕಲ್, "ಆ ಕಾಲದಲ್ಲಿ ಹಬ್ಬದೂಟ ಅದೇ ಅಲ್ವಾ" ಅಂದರು. ಅಲ್ಲಿಗೆ ಬಿಟ್ಟೆವು.

ನಂತರ ಮೇಷ್ಟ್ರು, ಆ ಔತಣಕ್ಕೆ ಸಿಟ್ಟಾಗಿ ಹೊರಗೇ ನಿಂತ ಹಿರಿಮಗನ ಪರ ವಕಾಲತ್ತು ಹಿಡಿದರು. "ಇವನದ್ದು ಏನು ತಪ್ಪು ಹೇಳಿ? ಕಿರಿಯವನ ಪಾಲು ಕರಗಿಹೋಯಿತು. ಉಳಿದದ್ದೆಲ್ಲ ನಿನ್ನದೇ ಅಂತ ಅಪ್ಪನೇ ಹಿರಿಯವನಿಗೆ ಹೇಳುತ್ತಾನೆ. ಹಾಗಾದರೆ ಕಡಿದ ಕರು ಯಾರದು? ಉಂಗುರ ಯಾರದು? ಕ್ಷಮಿಸಿದ್ದು ಅಪ್ಪ, ಖರ್ಚು ಹಿರಿಯವನದು!" ಮೇಲಿನ ಮನೆ ಹುಡುಗ ಚಪ್ಪಾಳೆ ಹೊಡೆದ. ನನಗೆ ಏನು ಹೇಳಬೇಕೋ ಹೊಳೆಯಲಿಲ್ಲ. ಕ್ಷಮೆಯ ಖರ್ಚು ಯಾರ ತಲೆಗೆ ಅನ್ನೋ ಪ್ರಶ್ನೆ ಯಾವ ಪ್ರಸಂಗದಲ್ಲೂ ಕೇಳಿರಲಿಲ್ಲ. ರಾತ್ರಿ ಹತ್ತರ ತನಕ ಅದೇ ಮಾತು.

ನಿವೃತ್ತ_ಸಭಾಪಾಲಕ

ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸಮ್ಮ. ಧರ್ಮೋಪದೇಶಕಾಂಡ 21:17ರ ಪ್ರಕಾರ ಚೊಚ್ಚಲ ಮಗನಿಗೆ ಎರಡು ಪಾಲು. ಅಂದರೆ ಕಿರಿಯವನು ಒಯ್ದದ್ದು ಮೂರರಲ್ಲಿ ಒಂದು. ಅವರ ಲೆಕ್ಕ ಸರಿಯಾಗಿಯೇ ಇದೆ. ಕಥೆಯ ಕೊನೆಯಲ್ಲಿ ಹಿರಿಯವನು ಮನೆಯೊಳಗೆ ಹೋದನೋ ಇಲ್ಲವೋ ಅಂತ ಯೇಸು ಹೇಳುವುದೇ ಇಲ್ಲ. ಗೊಣಗುತ್ತಿದ್ದ ಫರಿಸಾಯರಿಗೆ, ಅಂದರೆ ಶಾಸ್ತ್ರನಿಷ್ಠ ಯೆಹೂದ್ಯ ಪಂಥದವರಿಗೆ, ಹೇಳಿದ ಕಥೆ ಅದು.

ಕೋಲಾರ_ಕಲ್ಲು

ಎಲ್ಲ ಚೆನ್ನಾಗಿದೆ. ಆದರೆ ಈ ಚರ್ಚೆಯಲ್ಲಿ ಒಂದು ಹಿನ್ನೆಲೆ ಕಾಣಿಸುತ್ತಿಲ್ಲ. ನಾವು ದಲಿತ ಕ್ರೈಸ್ತರು. ಹಂಚಿಕೊಳ್ಳುವವರು ಯಾವಾಗಲೂ ಮೇಷ್ಟ್ರಂಥವರನ್ನು ಎದುರಿಗೆ ಇಟ್ಟುಕೊಂಡು ಮಾತಾಡುತ್ತೀರಿ.

ನಮ್ಮ ಕೇರಿಯ ಮನೆಕೂಟದಲ್ಲಿ ಒಮ್ಮೆ ಮತ್ತಾಯ 15 ಓದುತ್ತಿದ್ದೆವು. ಕಾನಾನ್ಯ ಹೆಂಗಸು ಮಗಳಿಗಾಗಿ ಕೂಗಿಕೊಂಡು ಬರುತ್ತಾಳೆ. ಯೇಸು ಮೊದಲು ಮಾತೇ ಆಡುವುದಿಲ್ಲ. ಶಿಷ್ಯರು ಇವಳನ್ನು ಕಳಿಸಿಬಿಡು ಅನ್ನುತ್ತಾರೆ. ಆಮೇಲೆ ಮಕ್ಕಳ ರೊಟ್ಟಿ ನಾಯಿಗಳಿಗೆ ಹಾಕುವುದು ಸರಿಯಲ್ಲ ಅನ್ನುವ ಮಾತು. ಓದಿಸುತ್ತಿದ್ದವರು, ಇದು ಆಕೆಯ ನಂಬಿಕೆಯ ಪರೀಕ್ಷೆ ಅಂತ ಹೇಳಿ ಮುಂದಕ್ಕೆ ಹೊರಟರು. ನಮ್ಮ ಅಜ್ಜಿ ಬಿಡಲಿಲ್ಲ. "ನಿಂತ್ಕೊಳ್ಳಪ್ಪ" ಅಂದಳು. ಗೌಡರ ಮನೆಯ ಹಿತ್ತಲಲ್ಲಿ ಸೆರಗೊಡ್ಡಿ ಉಳಿದ ಮುದ್ದೆ ಈಸ್ಕೊಂಡವಳು ಅವಳು. "ಆ ಮಾತು ಅನ್ನಿಸ್ಕೊಂಡೋಳಿಗೆ ಹೆಂಗಿರ್ತದೆ ಅಂತ ನಿಂಗೊತ್ತಾ? ಅವಳು ಅಳ್ಲಿಲ್ಲ ನೋಡು. ತಿರುಗಿ ಮಾತಾಡಿದ್ಲು. ಮೇಜಿಂದ ಬಿದ್ದ ಚೂರು ನಾಯೂ ತಿಂತದಲ್ಲ ಸ್ವಾಮಿ ಅಂದ್ಲು. ಗೆದ್ಲು." ಆಮೇಲೆ ಬಹಳ ಹೊತ್ತು ಬೇರೆ ಹೆಂಗಸರೇ ಮಾತಾಡಿದರು. ಓದಿಸಲು ಬಂದವರು ಕೇಳಿಸಿಕೊಂಡರು.

ಇನ್ನೊಂದು ವಿಷಯ. "ತೀರ್ಮಾನ ಮಾಡಿ" ಅನ್ನುವವರಿಗೆ ಆ ತೀರ್ಮಾನದ ಬೆಲೆ ಗೊತ್ತಿರಬೇಕು. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವನು ಕ್ರೈಸ್ತನಾದರೆ ಆ ಸ್ಥಾನ ಹೋಗುತ್ತದೆ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ನಮ್ಮನ್ನು ಸೇರಿಸಿಲ್ಲ. ಊರಿನವರಿಗೆ ಮಾತ್ರ ನಾವು ಇನ್ನೂ ಅದೇ ಜಾತಿ. ಕೆಲವು ಸಭೆಗಳಲ್ಲಿ ಸಂಬಂಧ ಕುದುರಿಸುವಾಗಲೂ ಅದೇ ಜಾತಿ. ಮೇಷ್ಟ್ರು ಸರಿಯಾಗಿಯೇ ಕೇಳಿದ್ದಾರೆ, ಖರ್ಚು ಯಾರದು ಅಂತ.

ಕತ್ತಿ_ಮಾತು

ಕೋಲಾರದವರ ಮಾತಿಗೆ ನನ್ನ ಬಳಿ ಉತ್ತರ ಇಲ್ಲ. ಆದರೂ ಹೇಳಬೇಕು ಅನ್ನೋದನ್ನು ನಾನು ಬಿಡುವುದಿಲ್ಲ.

ಕೋಲಾರ_ಕಲ್ಲು

ಬಿಡಿ ಅಂದೆನಾ ನಾನು? ನಮ್ಮ ಅಜ್ಜಿಗೂ ಯಾರೋ ಹೇಳಿದ್ದಕ್ಕೇ ನಾವಿಲ್ಲಿ ಇರೋದು. ಹೇಳಿದ ಮೇಲೆ ಜೊತೆಗಿರಿ ಅಂದೆ ಅಷ್ಟೇ.

ಕರಾವಳಿ_ಕಡಲು

ಮಂಗಳೂರಿನಿಂದ. ಖರ್ಚಿನ ಮಾತು ಬಂತಲ್ಲ, ನಮ್ಮ ಕಡೆ ಇದಕ್ಕೆ ದೊಡ್ಡ ಇತಿಹಾಸವೇ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಇಲ್ಲಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರನ್ನು ಮನೆಯವರು, ಜಾತಿಯವರು ಹೊರಗೆ ಹಾಕುತ್ತಿದ್ದರು. ಕಸುಬು ಹೋಗುತ್ತಿತ್ತು. ಆನಂದರಾವ್ ಕೌಂಡಿನ್ಯ ಅನ್ನೋ ಸಾರಸ್ವತ ಹುಡುಗ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರಲ್ಲಿ ಗಲಾಟೆಯೇ ಆಗಿತ್ತು. ಕೆಲಸ ಕಳೆದುಕೊಂಡವರಿಗೆ ಕೆಲಸ ಬೇಕಲ್ಲ. ಮಿಷನ್‌ನವರು ನೇಯ್ಗೆ ಶುರು ಮಾಡಿದರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹೆಂಚು ಹುಟ್ಟಿದ್ದು ಹಾಗೆ. ಅದು ಒಳ್ಳೆಯ ಕೆಲಸವೇ. ಆದರೆ "ಕೆಲಸಕ್ಕಾಗಿ ಕ್ರೈಸ್ತರಾದರು" ಅನ್ನೋ ಮಾತೂ ಅದರ ಬೆನ್ನಿಗೇ ಅಂಟಿಕೊಂಡಿತು.

ಅದೇ ಮಿಷನ್‌ನ ಇನ್ನೊಂದು ಮುಖ ನನಗೆ ಜಾಸ್ತಿ ಇಷ್ಟ. ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ತಂದರು, ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಕಿಟೆಲ್ 1862ರಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಕಥಾಮಾಲೆ ಅಂತ ಬರೆದರು. 1894ರ ನಿಘಂಟು ಎಲ್ಲರಿಗೂ ಗೊತ್ತು. ಹೇಳಲು ಬಂದವರು ವರ್ಷಗಟ್ಟಲೆ ಕೂತು ಕೇಳಿದರು. ಕಿಟೆಲ್ ಎಷ್ಟು ಜನರನ್ನು ಸಭೆಗೆ ಸೇರಿಸಿದರು ಅಂತ ಇವತ್ತು ಯಾರೂ ಕೇಳೋದಿಲ್ಲ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಅವರ ಪ್ರತಿಮೆ ಇದೆ.

ಹಾಗಾಗಿ ಅಕ್ಕ, ಮೇಷ್ಟ್ರ ವಚನದ ಶುಕ್ರವಾರ ತಪ್ಪಿಸಬೇಡಿ.

ಕರಿಕೋಟು

ಕಾನೂನಿನ ಬಗ್ಗೆ ಯಾರೂ ಬರೆದಿಲ್ಲ, ಆದ್ದರಿಂದ ಚಿಕ್ಕದಾಗಿ. ಸಂವಿಧಾನದ 25ನೇ ವಿಧಿಯಲ್ಲಿ ಧರ್ಮವನ್ನು ನಂಬುವ, ಆಚರಿಸುವ, ಪ್ರಸಾರ ಮಾಡುವ ಹಕ್ಕು ಇದೆ. 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಸಾರ ಅಂದರೆ ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹೇಳುವುದು, ಇನ್ನೊಬ್ಬನನ್ನು ಮತಾಂತರ ಮಾಡುವ ಹಕ್ಕಲ್ಲ ಅಂತ ಹೇಳಿತು. ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂತು. ಅದನ್ನು ಹಿಂತೆಗೆದುಕೊಳ್ಳಲು 2023ರ ಜೂನ್‌ನಲ್ಲಿ ಸಂಪುಟ ತೀರ್ಮಾನಿಸಿತು. ಆ ಕಾಯ್ದೆಯಲ್ಲಿ ಆಮಿಷ ಅನ್ನೋದಕ್ಕೆ ಬಹಳ ಅಗಲವಾದ ಅರ್ಥ ಕೊಟ್ಟಿದ್ದರು: ಉಡುಗೊರೆ, ಕೆಲಸ, ಉಚಿತ ಶಿಕ್ಷಣ, ಉತ್ತಮ ಜೀವನದ ಭರವಸೆ ಎಲ್ಲವೂ.

ಮನೆಯಲ್ಲಿ ನೆರೆಯವರು ಕೂತು ಪುಸ್ತಕ ಓದುವುದು ಅಪರಾಧವಲ್ಲ. ಆದರೆ ಗುಂಪಿನ ಯಾರಿಗಾದರೂ ಕಷ್ಟ ಬಂದು ನೀವು ದುಡ್ಡಿನ ಸಹಾಯ ಮಾಡುವುದಾದರೆ, ಅದನ್ನು ಓದಿನ ಜೊತೆ ಕಟ್ಟಬೇಡಿ. ಆ ದಿನ, ಆ ಜಾಗದಲ್ಲಿ ಕೊಡಬೇಡಿ. ಕಾನೂನು ಏನೇ ಇರಲಿ, ತಗೊಂಡವರಿಗೆ ಮುಂದಿನ ಶುಕ್ರವಾರ ಬರದೇ ಇರಲು ಮುಜುಗರ ಆಗಬಾರದು.

ದುಬೈ_ಕನ್ನಡಿಗ

ಇಲ್ಲಿಂದ ನೋಡಿದರೆ ನಿಮ್ಮ ಮನೆಯ ಶುಕ್ರವಾರ ಹೊಟ್ಟೆಕಿಚ್ಚು ತರುತ್ತದೆ. ಇಲ್ಲಿ ಆರಾಧನೆ ಚರ್ಚ್ ಕಾಂಪೌಂಡಿನ ಒಳಗೆ. ಒಂದೇ ಆವರಣದಲ್ಲಿ ಕನ್ನಡ, ಮಲಯಾಳ, ತಮಿಳು, ಅರಬಿ, ಟಗಾಲೋಗ್ ಎಲ್ಲ ಸರದಿ ಪ್ರಕಾರ. ಮುಸ್ಲಿಮರಿಗೆ ಬೇರೆ ಧರ್ಮ ಬೋಧಿಸುವುದು ಇಲ್ಲಿ ಕಾನೂನು ಪ್ರಕಾರ ತಪ್ಪು. ಹಾಗಾಗಿ ನಮ್ಮ ಹಂಚಿಕೆ ಏನಿದ್ದರೂ ಕೆಲಸ ಮಾಡುವ ರೀತಿಯಲ್ಲಿ, ರೂಮ್‌ಮೇಟ್‌ಗೆ ಜ್ವರ ಬಂದಾಗ ಗಂಜಿ ಮಾಡಿಕೊಡುವುದರಲ್ಲಿ. ಹಿಂದೆ ಶುಕ್ರವಾರವೇ ನಮಗೆ ಭಾನುವಾರ. 2022ರಲ್ಲಿ ಇಲ್ಲಿನ ವಾರದ ರಜೆ ಬದಲಾದ ಮೇಲೆ ಅದೂ ಮರಳಿ ಭಾನುವಾರಕ್ಕೆ ಬಂತು.

ಹಳೇಪೇಟೆ_ಹುಡುಗಿ

ಹೊಸ ಸಮಸ್ಯೆ. ಯೋಹಾನ 9 ಓದಿದೆವು, ಹುಟ್ಟುಕುರುಡನದ್ದು. ಇದು ಯಾರ ಪಾಪ, ಇವನದೋ ತಂದೆತಾಯಿಯದೋ ಅಂತ ಶಿಷ್ಯರು ಕೇಳುತ್ತಾರೆ. ಯೇಸು ಇಬ್ಬರದೂ ಅಲ್ಲ ಅನ್ನುತ್ತಾನೆ. ಕ್ಯಾಥೊಲಿಕ್ ಆಂಟಿ ಥಟ್ಟನೆ, "ನೋಡಿ, ಕರ್ಮ ಗಿರ್ಮ ಎಲ್ಲ ಸುಳ್ಳು ಅಂತಾಯಿತು" ಅಂದುಬಿಟ್ಟರು. ಮೇಷ್ಟ್ರು ಏನೂ ಅನ್ನಲಿಲ್ಲ. ಆದರೆ ಬೇಗ ಎದ್ದು ಹೋದರು. ಏನು ಮಾಡಲಿ?

ಸುಮ್ನೆ_ಓದುಗ

ಮೇಷ್ಟ್ರಿಗೆ ನೋವಾಗಿರುತ್ತದೆ. ನಮ್ಮ ಮನೆಯಲ್ಲಿ ಕರ್ಮ ಅಂದರೆ ಕುರುಡನನ್ನು ನೋಡಿ "ಅನುಭವಿಸು" ಅನ್ನೋದಲ್ಲ. ನನ್ನ ತಮ್ಮ ಹುಟ್ಟಿದಾಗಿನಿಂದ ನಡೆಯಲಾರ. "ಏನೋ ಋಣ ಇತ್ತು, ನಮ್ಮ ಮನೆಗೇ ಬಂದ" ಅಂತ ಅಮ್ಮ ಅವನನ್ನು ಎತ್ತಿಕೊಂಡೇ ಸಾಕಿದರು. ಆ ಮಾತೇ ಅವರಿಗೆ ಶಕ್ತಿ. ಆದರೆ ಕೆಲವು ನೆಂಟರು ಅದೇ ಕರ್ಮದ ಮಾತಿನಿಂದ ಅಮ್ಮನನ್ನು ಚುಚ್ಚಿದ್ದೂ ಇದೆ. ಎರಡೂ ಸತ್ಯ.

ನಿವೃತ್ತ_ಸಭಾಪಾಲಕ

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಆ ಚುಚ್ಚುವ ನೆಂಟರು ನಮ್ಮಲ್ಲೂ ಇದ್ದಾರೆ. "ನಂಬಿಕೆ ಸಾಲದು, ಅದಕ್ಕೇ ಗುಣವಾಗಿಲ್ಲ" ಅನ್ನುತ್ತಾರೆ. ಅದೇ ಪ್ರಶ್ನೆಯೇ, ವೇಷ ಬೇರೆ.

ಆ ಅಧ್ಯಾಯದಲ್ಲಿ 41 ವಚನ. ಕಣ್ಣು ಬರುವುದು 7ಕ್ಕೇ ಮುಗಿಯುತ್ತದೆ. ಉಳಿದದ್ದೆಲ್ಲ ವಿಚಾರಣೆ. ನೆರೆಯವರು ಕೇಳುತ್ತಾರೆ, ಫರಿಸಾಯರು ಕೇಳುತ್ತಾರೆ, ಸಭಾಮಂದಿರದಿಂದ ಹೊರಗೆ ಹಾಕುತ್ತಾರೆ ಅನ್ನುವ ಭಯಕ್ಕೆ ತಂದೆತಾಯಿ "ಅವನನ್ನೇ ಕೇಳಿ" ಅನ್ನುತ್ತಾರೆ. ಕೊನೆಗೆ ಅವನನ್ನು ಹೊರಗೆ ಹಾಕುತ್ತಾರೆ. ಯೇಸು ಅವನನ್ನು ಹುಡುಕಿಕೊಂಡು ಹೋಗುತ್ತಾನೆ. ಅಲ್ಲಿ ತನಕ ಓದಿದಿರಾ, ಇಲ್ಲಾ ಮೂರನೇ ವಚನದಲ್ಲೇ ಜಗಳ ಆಯಿತಾ?

ನಾಳೆಯೇ ಮೇಷ್ಟ್ರ ಮನೆಗೆ ಹೋಗು. ಕರ್ಮ ಅಂದರೇನು ಅಂತ ಅವರ ಬಾಯಿಂದಲೇ ಕೇಳು. ಅವರ ಧರ್ಮವನ್ನು ಅವರಿಗೆ ನಾವು ವಿವರಿಸುವ ಹಾಗೆ ಆಗಬಾರದು. ಅದಾದ ಮೇಲೆ 8ನೇ ವಚನದಿಂದ ಮುಂದೆ ಓದಿ.

ಹಳೇಪೇಟೆ_ಹುಡುಗಿ

ಅಯ್ಯನವರೇ, ಮೂರನೇ ವಚನದಲ್ಲೇ ಜಗಳ. ಹೋಗಿ ಬಂದೆ. ಕಾಫಿ ಕೊಟ್ಟು ಒಂದು ಗಂಟೆ ಮಾತಾಡಿದರು. ಬಸವಣ್ಣನವರು ಕಾಯಕದ ಬಗ್ಗೆ ಹೇಳಿದ್ದರಿಂದ ಹಿಡಿದು ತಮ್ಮ ತೀರಿಹೋದ ಮಗಳ ತನಕ. ಮಗಳಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಶುಕ್ರವಾರ ಬರುತ್ತಾರಂತೆ. ಕ್ಯಾಥೊಲಿಕ್ ಆಂಟಿಯ ಹತ್ತಿರ ತಾವೇ ಮಾತಾಡುತ್ತೇನೆ ಅಂದರು.

ಒಂದು ಕೆಲಸದ ಪ್ರಶ್ನೆ. ಮೇಷ್ಟ್ರಿಗೆ ಕಣ್ಣು ಮಂಜು. ಹಾಳೆ ಸಾಲದು, ಮನೆಯಲ್ಲೂ ಓದಬೇಕಂತೆ. ದಪ್ಪ ಅಕ್ಷರದ ಕನ್ನಡ ಬೈಬಲ್ ಎಲ್ಲಿ ಸಿಗುತ್ತದೆ? ಇಡೀ ಪುಸ್ತಕ ಭಾರ ಆಗುತ್ತೆ ಅಂತಾರೆ.

ಶಿವಾಜಿನಗರ_ಆಂಟಿ

ಬೆಂಗಳೂರು ಎಂ.ಜಿ. ರಸ್ತೆಯ ಬೈಬಲ್ ಸೊಸೈಟಿಯಲ್ಲಿ ವಿಚಾರಿಸಿ. ಒಂದೊಂದು ಸುವಾರ್ತೆ ಬಿಡಿ ಪುಸ್ತಕವಾಗಿಯೂ ಅಚ್ಚಾಗುತ್ತದೆ, ತೆಳ್ಳಗೆ, ಕೈಯಲ್ಲಿ ಹಿಡಿಯಲು ಸುಲಭ. ಹಳೇ ಅನುವಾದ ಬೇಡ, ಸರಳ ಕನ್ನಡದ್ದು ಕೇಳಿ.

ಹಳೇಪೇಟೆ_ಹುಡುಗಿ

ಮೇಷ್ಟ್ರಿಗೆ ಹಳೆಯದೇ ಬೇಕಂತೆ ಆಂಟಿ. ಅದರ ಕನ್ನಡ ಚೆನ್ನಾಗಿದೆ ಅಂತಾರೆ.

ಶಿವಾಜಿನಗರ_ಆಂಟಿ

ಹಾಗಾದರೆ ಎರಡೂ ತಗೊಳ್ಳಿ. ಸರಳದ್ದು ಮೇಲಿನ ಮನೆ ಹುಡುಗನಿಗೆ ಇರಲಿ.